ಮಾತಿನ ಮುಖತ್ಯಾರಿ

1938ರ ಭೂಪಟವೊಂದನ್ನು ಮುಂದೆ ಹರಡಿಕೊಂಡು ನೋಡಿದರೆ ನಮ್ಮ ಸೀಮೆಯು ತುಂಡುಬಟ್ಟೆಗಳನ್ನು ಜೋಡಿಸಿ ಹೊಲಿದ ಕೌದಿಯಂತೆ ಕಾಣುತ್ತದೆ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ಬನಹಟ್ಟಿ ಜಮಖಂಡಿಗೆ ಸೇರಿದ್ದರೆ, ಅದರ ಮಗ್ಗುಲಲ್ಲೇ ಇರುವ ರಬಕವಿ ಸಾಂಗಲಿಗೆ ಸೇರಿತ್ತು. ಮಹಾಲಿಂಗಪುರ ಮುಧೋಳ ಸಂಸ್ಥಾನದ್ದು. ಬೀಳಗಿ ಮತ್ತು ಬಾಗಲಕೋಟೆಗಳು ಬ್ರಿಟಿಷರ ಮುಂಬಯಿ ಪ್ರಾಂತ್ಯದವು. ಹುನ್ನೂರಿನಂಥ ಊರಿನಿಂದ ಬುತ್ತಿ ಕಟ್ಟಿಕೊಂಡು ಹೊರಟ ರೈತನು ಒಂದೇ ದಿನದಲ್ಲಿ ಮೂವರು ದೊರೆಗಳ ಹದ್ದನ್ನು ದಾಟಬಹುದಾಗಿತ್ತು. ಅವನಾಡುವ ಮಾತು, ಉಣ್ಣುವ ರೊಟ್ಟಿ ಎಲ್ಲೆಡೆಯೂ ಒಂದೇ. ಆದರೆ ಕಂದಾಯ ಕಟ್ಟುವ ಕಚೇರಿ ಮಾತ್ರ ಬೇರೆ ಬೇರೆ.

ಈ ಕೌದಿಯಲ್ಲಿ ಜನರ ನೆನಪಿನಿಂದ ಬಹುಮಟ್ಟಿಗೆ ಜಾರಿಹೋದ ತುಂಡೊಂದಿದೆ. ಕೃಷ್ಣೆಯನ್ನು ದಾಟಿ ವಿಜಯಪುರದ ಕಡೆಗೆ ಹೋದರೆ ಗುಣದಾಳವೆಂಬ ಊರು ಸಿಗುತ್ತದೆ. ಆ ಊರೂ ಅದರ ಸುತ್ತಲ ಕೆಲವು ಹಳ್ಳಿಗಳೂ ಸೇರಿ ಒಂದು ತಾಲ್ಲೂಕಾಗಿದ್ದವು. ಆ ತಾಲ್ಲೂಕು ಜಮಖಂಡಿಯದಲ್ಲ, ಬ್ರಿಟಿಷರದೂ ಅಲ್ಲ. ದೂರದ ಸಾತಾರಾ ಸೀಮೆಯಲ್ಲಿದ್ದ ಔಂಧ ಸಂಸ್ಥಾನದ್ದು. ಔಂಧ, ಆಟಪಾಡಿ, ಕುಂಡಲ ಮತ್ತು ಗುಣದಾಳ ಎಂಬ ನಾಲ್ಕು ತಾಲ್ಲೂಕುಗಳ ಈ ಪುಟ್ಟ ಸಂಸ್ಥಾನದಲ್ಲಿ ಇದ್ದವು ಕೇವಲ 72 ಹಳ್ಳಿಗಳು. ವಿಸ್ತಾರ ಸುಮಾರು 500 ಚದರ ಮೈಲಿ, ಜನಸಂಖ್ಯೆ ಎಪ್ಪತ್ತೈದು ಸಾವಿರದ ಆಸುಪಾಸು. ಮೊದಲ ಮೂರು ತಾಲ್ಲೂಕುಗಳು ಮರಾಠಿಯವು, ನಾಲ್ಕನೆಯದು ಕನ್ನಡದ್ದು.

ಬಡ ಸಂಸ್ಥಾನವೆಂದರೂ ಸಲ್ಲುವ ಈ ಔಂಧದಲ್ಲಿ, ಭಾರತದ ಸಂವಿಧಾನ ಜಾರಿಗೆ ಬರುವುದಕ್ಕೆ ಹನ್ನೊಂದು ವರ್ಷ ಮೊದಲೇ, ಅರಸನೊಬ್ಬ ತನ್ನ ಅಧಿಕಾರವನ್ನು ಹಳ್ಳಿಗಳಿಗೆ ಬಿಟ್ಟುಕೊಟ್ಟನು. ಅಧಿಕಾರವೆಂದರೆ ಬರೀ ಮರ್ಯಾದೆಯ ಮಾತಲ್ಲ, ಹಣದ ಮೇಲಿನ ಹಕ್ಕು. ಕಂದಾಯದ ಹಣವನ್ನು ಎಲ್ಲಿ, ಯಾವುದಕ್ಕೆ ವೆಚ್ಚ ಮಾಡಬೇಕೆಂಬುದನ್ನು ಹಳ್ಳಿಯವರೇ ಆರಿಸಿ ಕಳಿಸಿದವರು ಕುಳಿತು ತೀರ್ಮಾನಿಸುವ ಏರ್ಪಾಡು ಅಲ್ಲಿ ನಡೆಯಿತು. ಇಂದು ‘ಜನಸಹಭಾಗಿತ್ವದ ಆಯವ್ಯಯ’ ಎಂಬ ಹೆಸರಿನಲ್ಲಿ ಪ್ರಪಂಚದ ಅನೇಕ ನಗರಗಳು ಮಾಡುತ್ತಿರುವುದರ ಹತ್ತಿರದ ನೆಂಟನೇ ಇದು. ನಮ್ಮ ಕನ್ನಡದ ಹಳ್ಳಿಗಳೂ ಅದರಲ್ಲಿ ಪಾಲು ಪಡೆದಿದ್ದವೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆ?

ಔಂಧದ ಅರಸರ ಮನೆತನದ ಹೆಸರೇ ಪಂತ ಪ್ರತಿನಿಧಿ. ಛತ್ರಪತಿ ರಾಜಾರಾಮನ ಕಾಲದಲ್ಲಿ, ಮೊಗಲರ ಸೈನ್ಯ ಬೆನ್ನಟ್ಟಿದ್ದ ದಿನಗಳಲ್ಲಿ, ರಾಜನ ಪರವಾಗಿ ನಿಂತು ಕಾರ್ಯ ನಡೆಸಲು ಹುಟ್ಟಿದ ಹುದ್ದೆ ಅದು. ರಾಜನು ತನ್ನ ಮಾತನ್ನು ಇನ್ನೊಬ್ಬನ ಕೈಗೆ ಒಪ್ಪಿಸಿದನು, ಒಪ್ಪಿಸಿಕೊಂಡವನು ಪ್ರತಿನಿಧಿಯಾದನು. ಕಾಲಕ್ರಮದಲ್ಲಿ ಆ ಪ್ರತಿನಿಧಿಯೇ ಅರಸನಾಗಿ ತಲೆಮಾರುಗಳವರೆಗೆ ಗಾದಿಯ ಮೇಲೆ ಕುಳಿತನು. ವಹಿಸಿಕೊಟ್ಟ ಅಧಿಕಾರವು ಕೊಟ್ಟವನ ಕೈಗೆ ಹಿಂದಿರುಗದೆ ಹೇಗೆ ಸ್ವಂತ ಆಸ್ತಿಯಾಗಿ ಬಿಡುತ್ತದೆಂಬುದಕ್ಕೆ ಈ ಮನೆತನದ ಹೆಸರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದೇ ಮನೆತನದ ಕೊನೆಯ ಆಳರಸನು ಅದನ್ನು ಜನರಿಗೆ ಮರಳಿಸಿದನೆಂಬುದು ಚರಿತ್ರೆಯ ಒಂದು ಸೊಗಸು.

ಆ ಅರಸ ಭವಾನರಾವ್ ಪಂತ ಪ್ರತಿನಿಧಿ. 1868ರಲ್ಲಿ ಹುಟ್ಟಿ 1909ರಲ್ಲಿ ಗಾದಿಗೆ ಬಂದವರು. ಚಿತ್ರಕಾರರು, ಕೀರ್ತನಕಾರರು, ಸೂರ್ಯನಮಸ್ಕಾರದ ವ್ಯಾಯಾಮವನ್ನು ದೇಶದಲ್ಲೆಲ್ಲ ಪ್ರಚಾರ ಮಾಡಿದವರು. ಪುಣೆಯ ಭಾಂಡಾರಕರ ಸಂಸ್ಥೆಯು ಮಹಾಭಾರತದ ಸಂಶೋಧಿತ ಆವೃತ್ತಿಯ ಮಹಾಕಾರ್ಯಕ್ಕೆ ಕೈಹಾಕಿದಾಗ ಒಂದು ಲಕ್ಷ ರೂಪಾಯಿಯ ನೆರವನ್ನು ಮುಂದಿಟ್ಟವರೂ ಇವರೇ. ಕಿರ್ಲೋಸ್ಕರ ಬಂಧುಗಳಿಗೆ ತಮ್ಮ ಸೀಮೆಯಲ್ಲಿ ಜಾಗ ಕೊಟ್ಟು ಕಿರ್ಲೋಸ್ಕರವಾಡಿಯು ಏಳುವುದಕ್ಕೆ ಕಾರಣರಾದರು. ಇವರ ಮಗ ಅಪ್ಪಾ ಪಂತ ಇಂಗ್ಲೆಂಡಿನಲ್ಲಿ ಓದಿ ಬ್ಯಾರಿಸ್ಟರಾಗಿ 1937ರಲ್ಲಿ ಹಿಂದಿರುಗಿದ್ದ ತರುಣ.

ಈ ತಂದೆ ಮಕ್ಕಳ ನಡುವೆ ಬಂದು ನಿಂತವನು ಮೂರನೆಯ ವ್ಯಕ್ತಿ. ಆತ ಬಂದದ್ದು ನಮ್ಮ ಬೆಂಗಳೂರಿನಿಂದ. ಮಾರಿಸ್ ಫ್ರಿಡ್‌ಮನ್ ಪೋಲೆಂಡಿನ ವಾರ್ಸಾದಲ್ಲಿ 1901ರಲ್ಲಿ ಹುಟ್ಟಿದ ಯೆಹೂದಿ. ವಿದ್ಯುತ್ ಇಂಜಿನಿಯರ್. ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲರು ಅವನನ್ನು ಕರೆತಂದು ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯ ಕೆಲಸಕ್ಕೆ ನಿಲ್ಲಿಸಿದ್ದರು. ಕಾರ್ಖಾನೆ ನಡೆಸುತ್ತ ನಡೆಸುತ್ತಲೇ ಆತ ಕಾವಿಯುಟ್ಟು ಭಾರತಾನಂದನೆಂಬ ಹೆಸರನ್ನು ಪಡೆದನು, ಗಾಂಧೀಜಿಯವರ ಹಾದಿಯಲ್ಲಿ ನೂಲುವ ಚರಕಗಳನ್ನು ಸುಧಾರಿಸುವುದರಲ್ಲಿ ತೊಡಗಿದನು. ಇಂಥವನು ಔಂಧಕ್ಕೆ ಬಂದು, ಎಲ್ಲ ಅಧಿಕಾರವನ್ನೂ ಜನರಿಗೆ ಕೊಟ್ಟುಬಿಡಿರೆಂದು ಅರಸನಿಗೆ ಹೇಳಿದನು. ಸುತ್ತಲಿನ ಸಂಸ್ಥಾನಗಳಲ್ಲಿ ಪ್ರಜಾ ಪರಿಷತ್ತಿನ ಚಳವಳಿಗಳು ಬಿಸಿಯೇರುತ್ತಿದ್ದ ಕಾಲವದು. ಭವಾನರಾವ್‌ರು ಎಪ್ಪತ್ತನೆಯ ಹುಟ್ಟುಹಬ್ಬದ ಹೊತ್ತಿಗೆ, ಅಂದರೆ 1938ರ ಕೊನೆಯಲ್ಲಿ, ಪೂರ್ಣ ಜವಾಬ್ದಾರಿ ಸರ್ಕಾರವನ್ನು ಘೋಷಿಸಿದರು.

ಘೋಷಣೆ ಮಾಡುವುದು ಸುಲಭ. ಅದನ್ನು ಬರವಣಿಗೆಗೆ ಇಳಿಸುವುದಕ್ಕಾಗಿ ಅಪ್ಪಾ ಪಂತ ಮತ್ತು ಫ್ರಿಡ್‌ಮನ್ ಗಾಂಧೀಜಿಯವರ ಬಳಿಗೆ ಹೋದರು. ಅಲ್ಲಿ ರೂಪುಗೊಂಡ ‘ಸ್ವರಾಜ್ಯ ಸಂವಿಧಾನ’ವನ್ನು 1939ರ ಜನವರಿಯಲ್ಲಿ ಔಂಧದಲ್ಲಿ ಜಾರಿಗೊಳಿಸಲಾಯಿತು.

ಅದರ ರಚನೆಯನ್ನು ತುಸು ನಿಧಾನವಾಗಿ ನೋಡುವುದು ಒಳಿತು, ಏಕೆಂದರೆ ತಿರುಳೆಲ್ಲ ಅಲ್ಲಿಯೇ ಇದೆ. ಹಳ್ಳಿಯ ಜನರು ಮತ ಹಾಕುವುದು ಒಂದೇ ಸಲ, ತಮ್ಮ ಊರಿನ ಐವರು ಪಂಚರನ್ನು ಆರಿಸುವುದಕ್ಕೆ. ಪಂಚಾಯಿತಿಗೆ ಒಬ್ಬ ಅಧ್ಯಕ್ಷ. ತಾಲ್ಲೂಕಿನ ಎಲ್ಲ ಹಳ್ಳಿಗಳ ಪಂಚಾಯಿತಿ ಅಧ್ಯಕ್ಷರೂ ಕೂಡಿದರೆ ಅದೇ ತಾಲ್ಲೂಕು ಸಮಿತಿ. ಆ ಸಮಿತಿಯು ತನ್ನೊಳಗಿಂದ ಆರಿಸಿ ಕಳಿಸಿದವರು ಸಂಸ್ಥಾನದ ಶಾಸನಸಭೆಯಲ್ಲಿ ಕೂಡುತ್ತಿದ್ದರು. ಹೀಗೆ ಗುಣದಾಳ ಸೀಮೆಯ ಒಬ್ಬ ಒಕ್ಕಲಿಗನ ಒಂದು ಮತವು ಊರಿನ ಚಾವಡಿಯಿಂದ ತಾಲ್ಲೂಕಿಗೂ ತಾಲ್ಲೂಕಿನಿಂದ ಔಂಧಕ್ಕೂ ಕೈಯಿಂದ ಕೈಗೆ ದಾಟುತ್ತ ಹೋಗುತ್ತಿತ್ತು. ನಮ್ಮ ಕಡೆಯ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಮುಖತ್ಯಾರಿ. ಹೊಲದ ವ್ಯವಹಾರಕ್ಕೆ ವಟಮುಖತ್ಯಾರ ಪತ್ರ ಬರೆದುಕೊಟ್ಟಂತೆ ತನ್ನ ಮಾತನ್ನು ಇನ್ನೊಬ್ಬನಿಗೆ ಬರೆದುಕೊಡುವುದು.

ಮತವು ಹೀಗೆ ಮೇಲೇರಿದರೆ ಹಣವು ಕೆಳಗಿಳಿಯುತ್ತಿತ್ತು. ತಾಲ್ಲೂಕಿನಿಂದ ಬಂದ ಕಂದಾಯದ ಅರ್ಧದಷ್ಟು ಪಾಲು ಆ ತಾಲ್ಲೂಕಿನ ಕೈಗೇ ಮರಳಬೇಕು ಎಂಬುದು ಈ ಏರ್ಪಾಡಿನ ಜೀವಾಳ. ಒಂದು ಹಳ್ಳಿಗೆ ಕುಡಿಯುವ ನೀರಿನ ಬಾವಿ ಬೇಕಾಗಿದೆ, ಮತ್ತೊಂದಕ್ಕೆ ಶಾಲೆಯ ಮಾಳಿಗೆ ಸೋರುತ್ತಿದೆ, ಮೂರನೆಯದಕ್ಕೆ ಗಾಡಿ ದಾರಿಯಿಲ್ಲ ಎಂದುಕೊಳ್ಳೋಣ. ಈ ಮೂರೂ ಊರುಗಳ ಅಧ್ಯಕ್ಷರು ಒಂದೇ ಜಮಖಾನೆಯ ಮೇಲೆ ಕುಳಿತಿದ್ದಾರೆ, ಹಣ ಇರುವುದು ಒಂದು ಕೆಲಸಕ್ಕೆ ಸಾಲುವಷ್ಟು. ಬಾವಿ ಮೊದಲೋ ಮಾಳಿಗೆ ಮೊದಲೋ ಎಂದು ಅವರೇ ವಾದಿಸಬೇಕು, ಅವರೇ ಒಬ್ಬರಿಗೊಬ್ಬರು ಸೋಲಬೇಕು. ಔಂಧದ ಅರಮನೆಯ ಕಡೆಗೆ ಕೈಚಾಚಿ ಅರ್ಜಿ ಬರೆಯುವುದಕ್ಕೂ, ನೆರೆಯೂರಿನವನ ಕಣ್ಣಲ್ಲಿ ಕಣ್ಣಿಟ್ಟು ‘ಈ ವರ್ಷ ನಿಮ್ಮ ಬಾವಿ ಆಗಲಿ, ಮುಂದಿನ ವರ್ಷ ನಮ್ಮ ಶಾಲೆ’ ಎಂದು ಒಪ್ಪಿಕೊಳ್ಳುವುದಕ್ಕೂ ಅಜಗಜಾಂತರವಿದೆ.

ಜನರು ಶಾಸನಸಭೆಗೆ ನೇರವಾಗಿ ಮತ ಹಾಕದೆ ಮೆಟ್ಟಿಲು ಮೆಟ್ಟಿಲಾಗಿ ಏಕೆ ಕಳಿಸಬೇಕು? ಈ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ. ಗಾಂಧೀಜಿಯವರ ದೃಷ್ಟಿಯಲ್ಲಿ ಹಳ್ಳಿಯ ಮತದಾರನು ಯಾರನ್ನು ಬಲ್ಲನೋ ಅವನನ್ನೇ ಆರಿಸಬೇಕು. ತನ್ನ ಊರಿನ ಐವರು ಎಂಥವರೆಂಬುದು ಅವನಿಗೆ ಗೊತ್ತು. ಅವರ ಹೊಲ ಗೊತ್ತು, ಸಾಲ ಗೊತ್ತು, ಅವರು ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಾರೋ ಇಲ್ಲವೋ ಎಂಬುದೂ ಗೊತ್ತು. ಎಂದೂ ಕಾಣದ ಪಟ್ಟಣದ ವಕೀಲನ ಭಾಷಣ ಕೇಳಿ ಮತ ಹಾಕುವುದಕ್ಕಿಂತ ಇದು ಮೇಲು ಎಂಬುದು ವಾದ. ಇದರಲ್ಲಿ ಹುರುಳಿದೆ ಎಂದೇ ನನ್ನ ಎಣಿಕೆ. ಔಂಧಕ್ಕೆ ಹೋಗಿ ಶಾಸನಸಭೆಯಲ್ಲಿ ಕುಳಿತವನು ಸಭೆ ಮುಗಿದ ಮೇಲೆ ತನ್ನ ಊರಿಗೇ ಮರಳುತ್ತಿದ್ದನು. ಅಲ್ಲಿ ಅವನಿನ್ನೂ ಐವರಲ್ಲಿ ಒಬ್ಬ ಪಂಚ. ನೀರಿಗೆ ಹೋಗುವ ದಾರಿಯಲ್ಲಿ, ಸಂತೆಯಲ್ಲಿ, ಮದುವೆಯ ಚಪ್ಪರದಲ್ಲಿ ‘ನಮ್ಮ ಬಾವಿಯ ಮಾತು ಏನಾಯಿತಪ್ಪಾ?’ ಎಂದು ಕೇಳುವವರು ನೂರು ಜನ. ಮುಖತ್ಯಾರಿ ಕೊಟ್ಟವನೂ ಪಡೆದವನೂ ಒಂದೇ ಕೇರಿಯ ಗಾಳಿ ಕುಡಿಯುವಾಗ ಲೆಕ್ಕ ಒಪ್ಪಿಸದೆ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಆದರೆ ಮೆಟ್ಟಿಲುಗಳಿಗೆ ಇನ್ನೊಂದು ಮುಖವೂ ಇದೆ. ಐವರ ಪಂಚಾಯಿತಿಯಲ್ಲಿ ಮೂವರ ಬಹುಮತ ಉಳ್ಳವರದಾದರೆ ಅಧ್ಯಕ್ಷನು ಉಳ್ಳವರ ಮನೆಯವನೇ ಆಗುತ್ತಾನೆ. ಅಂಥ ಅಧ್ಯಕ್ಷರೇ ಕೂಡಿದ ತಾಲ್ಲೂಕು ಸಮಿತಿಯಲ್ಲಿ ಊರಾಚೆಯ ಕೇರಿಯವರ ಧ್ವನಿ ಅರ್ಧಕ್ಕಿಳಿಯುತ್ತದೆ, ಶಾಸನಸಭೆಯನ್ನು ಮುಟ್ಟುವ ಹೊತ್ತಿಗೆ ಅಳಿದೇ ಹೋಗಬಹುದು. ಹಾಲನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುವಾಗ ಪ್ರತಿಸಲವೂ ಒಂದಿಷ್ಟು ತಳದಲ್ಲಿ ಉಳಿಯುತ್ತದೆ, ಮತದ ವಿಷಯದಲ್ಲೂ ಅಷ್ಟೇ. ಸ್ವತಂತ್ರ ಭಾರತದ ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು 1948ರ ನವೆಂಬರದಲ್ಲಿ ಹಳ್ಳಿಯನ್ನು ಆಡಳಿತದ ಮೂಲ ಘಟಕವಾಗಿ ಮಾಡಬೇಕೆಂಬ ವಾದವನ್ನು ಕಟುವಾಗಿ ತಳ್ಳಿಹಾಕಿದ್ದು ಈ ಅನುಭವದಿಂದಲೇ. ಹಳ್ಳಿಯ ನೆರೆಹೊರೆಯ ಪರಿಚಯ ಎಲ್ಲರಿಗೂ ಒಂದೇ ರೀತಿಯ ರಕ್ಷಣೆಯಾಗಿರಲಿಲ್ಲ. ಕೆಲವರಿಗೆ ಅದೇ ಸಂಕೋಲೆಯಾಗಿತ್ತು. ಔಂಧದ ಪ್ರಯೋಗವನ್ನು ಮೆಚ್ಚುವವರು ಈ ಮಾತನ್ನು ಬದಿಗಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ.

ಗಾಂಧೀಜಿಯವರು ಅಕ್ಷರಜ್ಞಾನಕ್ಕೂ ಮತದ ಹಕ್ಕಿಗೂ ಗಂಟು ಹಾಕಬೇಕೆಂದು ಬಯಸಿದ್ದರು. ಓದು ಬರಹವಿಲ್ಲದವನು ಲೆಕ್ಕದ ಪುಸ್ತಕವನ್ನು ಹೇಗೆ ನೋಡಿಯಾನು ಎಂಬುದು ಅದರ ಹಿಂದಿನ ಕಳಕಳಿ. ಅದರಿಂದಾಗಿ ಔಂಧದಲ್ಲಿ ವಯಸ್ಕರ ಶಿಕ್ಷಣಕ್ಕೆ ಚುರುಕು ಬಂದಿತು. ಆದರೆ ಲೆಕ್ಕ ಓದಲು ಬಾರದವನಿಗೆ ಹಸಿವಿನ ಲೆಕ್ಕ ಬಾರದೆ? ನಮ್ಮ ಅಜ್ಜಿಯಂದಿರ ತಲೆಮಾರಿನವರು ಗೋಡೆಯ ಮೇಲೆ ಇದ್ದಿಲ ಗೀರೆಳೆದು ವರ್ಷದ ಹಾಲಿನ ಲೆಕ್ಕವನ್ನು ತಪ್ಪದೆ ಇಟ್ಟವರು.

ಔಂಧದ ಇನ್ನೊಂದು ಸಾಹಸವನ್ನು ಇಲ್ಲಿ ಹಾದಿಯಲ್ಲೇ ನೆನೆಯಬೇಕು. ಆಟಪಾಡಿಯ ಬಳಿ ಸ್ವತಂತ್ರಪುರವೆಂಬ ಗೋಡೆಯಿಲ್ಲದ ಸೆರೆಮನೆಯನ್ನು ತೆರೆದು ಕೈದಿಗಳಿಂದ ಬೇಸಾಯ ಮಾಡಿಸಿದರು. ವಿ. ಶಾಂತಾರಾಮರ ‘ದೋ ಆಂಖೇ ಬಾರಹ ಹಾಥ್’ (1957) ಚಲನಚಿತ್ರಕ್ಕೆ ಪ್ರೇರಣೆಯಾದದ್ದು ಇದೇ. ಕೊಲೆಗಾರನ ಮಾತನ್ನೂ ನಂಬಬಹುದೆಂದು ಎಣಿಸಿದ ಆಡಳಿತವು ಒಕ್ಕಲಿಗನ ಮಾತನ್ನು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಗುಣದಾಳಕ್ಕೆ ಬರೋಣ. ನಾಲ್ಕು ತಾಲ್ಲೂಕುಗಳಲ್ಲಿ ಒಂದೇ ಒಂದು ಕನ್ನಡದ್ದು. ಅದೂ ಉಳಿದ ಮೂರರಿಂದ ಬಲುದೂರ, ನಡುವೆ ಬ್ರಿಟಿಷರ ಸೀಮೆ ಮತ್ತು ಬೇರೆ ಸಂಸ್ಥಾನಗಳ ಹಳ್ಳಿಗಳು. ಅಲ್ಲಿಂದ ಔಂಧದ ಸಭೆಗೆ ಹೋಗುವವನು ಮರಾಠಿಯ ಸಭೆಯಲ್ಲಿ ಕನ್ನಡದ ಹಳ್ಳಿಯ ಕಷ್ಟವನ್ನು ಹೇಳಬೇಕು. ತಲೆ ಎಣಿಸಿ ತೀರ್ಮಾನ ಮಾಡುವ ಸಭೆಯಲ್ಲಿ ಅವನ ಕಡೆಯವರು ಎಂದೆಂದಿಗೂ ಅಲ್ಪಸಂಖ್ಯಾತರೇ. ಇಂಥ ಕಡೆಯಲ್ಲಿ ಮಾತನ್ನು ವಹಿಸಿಕೊಡುವುದೆಂದರೆ ಸೋಲುವುದಕ್ಕೆ ಒಬ್ಬನನ್ನು ಕಳಿಸಿಕೊಟ್ಟಂತೆ ಆಗಬಹುದಿತ್ತು. ಅರ್ಧ ಕಂದಾಯದ ನಿಯಮದ ನಿಜವಾದ ಬೆಲೆ ತಿಳಿಯುವುದು ಈ ಜಾಗದಲ್ಲಿ. ಮೇಲಿನ ಸಭೆಯಲ್ಲಿ ಗುಣದಾಳದವರು ಸೋತರೂ ತಮ್ಮ ಸೀಮೆಯ ಅರ್ಧ ಪಾಲನ್ನು ಯಾರೂ ಮತದಿಂದ ಕಸಿದುಕೊಳ್ಳುವಂತಿರಲಿಲ್ಲ. ಅದನ್ನು ಅವರು ತಮ್ಮ ತಾಲ್ಲೂಕಿನಲ್ಲೇ, ತಮ್ಮ ಮಾತಿನಲ್ಲೇ ಕುಳಿತು ಹಂಚಿಕೊಳ್ಳಬಹುದಾಗಿತ್ತು. ದೂರಕ್ಕೆ ಕಳಿಸಿದ ಮತ ಕೆಲಸ ಮಾಡಲಿ ಬಿಡಲಿ, ಹತ್ತಿರ ಉಳಿಸಿಕೊಂಡ ಹಣ ಕೆಲಸ ಮಾಡುತ್ತಿತ್ತು. ಪ್ರಾತಿನಿಧ್ಯದ ಬಗೆಗೆ ಬರೆದ ದೊಡ್ಡ ದೊಡ್ಡ ಗ್ರಂಥಗಳು ಯಾರು ಯಾರನ್ನು ಆರಿಸಬೇಕೆಂಬುದನ್ನೇ ಚರ್ಚಿಸುತ್ತವೆ. ಆರಿಸಿ ಕಳಿಸಿದವನು ಸೋತು ಬಂದರೆ ಊರಿಗೆ ಏನು ಉಳಿಯುತ್ತದೆಂಬುದನ್ನು ಕೇಳುವುದು ಕಡಿಮೆ. ಗುಣದಾಳದಂಥ ಅಂಚಿನ ಸೀಮೆಗೆ ಈ ಎರಡನೆಯ ಪ್ರಶ್ನೆಯೇ ಮುಖ್ಯ.

ಈ ಏರ್ಪಾಡು ಒಂಬತ್ತು ವರ್ಷ ಬಾಳಿತು. 1942ರ ಚಳವಳಿಯ ಕಾಲದಲ್ಲಿ ಸಾತಾರಾ ಸೀಮೆಯಲ್ಲಿ ನಾನಾ ಪಾಟೀಲರ ಪ್ರತಿಸರ್ಕಾರ ನಡೆದಾಗ ಔಂಧದ ಕುಂಡಲ ಅದರ ಒಂದು ನೆಲೆಯಾಗಿತ್ತು. ಬಳಿಕ ಸ್ವಾತಂತ್ರ್ಯ ಬಂದಿತು. 1948ರ ಮಾರ್ಚಿಯಲ್ಲಿ ದಕ್ಷಿಣದ ಮರಾಠಾ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. ಜಮಖಂಡಿ, ಮುಧೋಳಗಳೊಡನೆ ಗುಣದಾಳದ ಹಳ್ಳಿಗಳೂ ವಿಜಾಪುರ ಜಿಲ್ಲೆಯ ಪಾಲಾದವು. 1956ರ ನವೆಂಬರ 1ರಂದು ಇವೆಲ್ಲವೂ ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಕನ್ನಡಿಗರು ಒಂದಾದ ಸಂತೋಷದಲ್ಲಿ ಒಂದು ಸಣ್ಣ ನಷ್ಟ ಯಾರ ಕಣ್ಣಿಗೂ ಬೀಳಲಿಲ್ಲ. ಕಂದಾಯದ ಅರ್ಧ ಭಾಗದ ಮೇಲೆ ಹಕ್ಕಿದ್ದ ತಾಲ್ಲೂಕೊಂದು ಮಾಮಲೇದಾರರ ಕಚೇರಿಗೆ ಅರ್ಜಿ ಬರೆಯುವ ಹಳ್ಳಿಗಳ ಗುಂಪಾಗಿ ಮಾರ್ಪಟ್ಟಿತು. ಅರಸನ ಔದಾರ್ಯದಿಂದ ಬಂದದ್ದು ಅರಸೊತ್ತಿಗೆಯೊಂದಿಗೇ ಹೋಯಿತು. ಭವಾನರಾವ್‌ರು 1951ರಲ್ಲಿ ತೀರಿಕೊಂಡರು. ಅಪ್ಪಾ ಪಂತರು ಭಾರತದ ರಾಯಭಾರಿಯಾಗಿ ದೇಶದೇಶಗಳಲ್ಲಿ ಸೇವೆ ಸಲ್ಲಿಸಿದರು.

ಕರ್ನಾಟಕದಲ್ಲಿ ಈ ಮಾತು ಮತ್ತೆ ಗಟ್ಟಿಯಾಗಿ ಕೇಳಿಬಂದದ್ದು 1983ರಲ್ಲಿ, ಅಬ್ದುಲ್ ನಜೀರ್ ಸಾಬ್‌ರು ಮಂಡಲ ಪಂಚಾಯಿತಿಯ ಕಾನೂನನ್ನು ತಂದಾಗ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಯಿಸಿ ‘ನೀರ್ ಸಾಬ್’ ಎನಿಸಿಕೊಂಡ ಆ ಮಂತ್ರಿಗೆ ಹಣವೂ ಅಧಿಕಾರವೂ ಜೊತೆಯಾಗಿ ಇಳಿಯಬೇಕೆಂಬ ಗುಟ್ಟು ಗೊತ್ತಿತ್ತು. 1987ರಲ್ಲಿ ಚುನಾವಣೆಗಳಾದವು, ಮಹಿಳೆಯರಿಗೆ ನೂರಕ್ಕೆ 25 ಸ್ಥಾನಗಳು ಮೀಸಲಾಗಿದ್ದವು. ಮರುವರ್ಷವೇ ಅವರು ತೀರಿಹೋದರು.

1989ರಲ್ಲಿ ಎರಡು ಘಟನೆಗಳು ನಡೆದವು, ಒಂದಕ್ಕೊಂದು ಸಂಬಂಧವೇ ಇಲ್ಲದೆ. ಮೊದಲನೆಯದು ಸಾವಿರಾರು ಮೈಲಿ ದೂರದ ಬ್ರಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ. ಅಲ್ಲಿ ಅಧಿಕಾರಕ್ಕೆ ಬಂದ ಕಾರ್ಮಿಕ ಪಕ್ಷದ ನಗರಾಡಳಿತವು ಊರಿನ ಖರ್ಚಿನ ಪಟ್ಟಿಯನ್ನು ಜನರ ಮುಂದಿಟ್ಟಿತು. ನಗರವನ್ನು 16 ವಲಯಗಳಾಗಿ ವಿಂಗಡಿಸಿ ಪ್ರತಿ ವಲಯದಲ್ಲಿ ಸಭೆ ನಡೆಸಿದರು. ಸಭೆಗೆ ಎಷ್ಟು ಜನ ಬಂದರೋ ಅದಕ್ಕೆ ತಕ್ಕಷ್ಟು ಪ್ರತಿನಿಧಿಗಳು. ಹತ್ತು ಜನಕ್ಕೆ ಒಬ್ಬ ಎಂಬ ಲೆಕ್ಕ ಅಲ್ಲಿ ಬಹುಕಾಲ ನಡೆಯಿತು. ಚರಂಡಿ ಬೇಕೆನ್ನುವ ಕೊಳೆಗೇರಿಯವರು ಬಸ್ಸು ಹಿಡಿದು ನೂರು ಜನ ಬಂದರೆ ಹತ್ತು ಪ್ರತಿನಿಧಿಗಳನ್ನು ಪಡೆದರು. ಬಂಗಲೆಯವರು ಮನೆಯಲ್ಲೇ ಉಳಿದರೆ ಅವರಿಗೆ ಪ್ರತಿನಿಧಿಯೇ ಇಲ್ಲ. ಪ್ರತಿ ವಲಯದಿಂದ ಇಬ್ಬರು ನಗರದ ಆಯವ್ಯಯ ಮಂಡಳಿಗೆ ಹೋಗುತ್ತಿದ್ದರು. ಅವರು ಕೊಟ್ಟ ಮಾತಿಗೆ ತಪ್ಪಿದರೆ ವಲಯದ ಪ್ರತಿನಿಧಿಗಳು ಅವರನ್ನು ನಡುವೆಯೇ ಹಿಂದಕ್ಕೆ ಕರೆಯಬಹುದಿತ್ತು. ಔಂಧದ ಮೆಟ್ಟಿಲುಗಳೇ ಇಲ್ಲಿಯೂ ಇವೆ. ಆದರೆ ಎರಡು ಹೊಸತು ಸೇರಿವೆ. ಬಂದು ಕುಳಿತವನಿಗೆ ಮಾತ್ರ ಮುಖತ್ಯಾರಿ ಕೊಡುವ ಹಕ್ಕು, ಮತ್ತು ಕೊಟ್ಟದ್ದನ್ನು ಹಿಂಪಡೆಯುವ ಹಕ್ಕು.

ಎರಡನೆಯ ಘಟನೆ ನಮ್ಮದೇ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ. ಕೃಷ್ಣೆ ಮುಂದೆಯೇ ಹರಿಯುತ್ತಿದ್ದರೂ ಬೇಸಿಗೆಯಲ್ಲಿ ಪಂಪಸೆಟ್ಟಿಗೆ ನೀರಿಲ್ಲ. ಸರ್ಕಾರದ ದಾರಿಯನ್ನು ಕಾದು ಕಾದು ಸಾಕಾದ ರೈತರು ಕೃಷ್ಣಾ ತೀರ ರೈತ ಸಂಘದ ಹೆಸರಿನಲ್ಲಿ ಕೂಡಿ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ತಾವೇ ವಂತಿಗೆ ಹಾಕಿ ತಾವೇ ಕಲ್ಲು ಮಣ್ಣು ಹೊತ್ತು ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಬಂದಿತು. ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾಗಿ, 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು, ಕೇಂದ್ರದಲ್ಲಿ ಮಂತ್ರಿಯಾದರು. 2018ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಮಡಿಯುವಾಗ ಜಮಖಂಡಿಯ ಶಾಸಕರಾಗಿದ್ದರು.

ಇದನ್ನು ನಮ್ಮ ಕಡೆಯ ಜನ ಸಾಹಸದ ಕಥೆಯಾಗಿ ಹೇಳುತ್ತಾರೆ, ಅದು ಸರಿಯೇ. ಆದರೆ ಅದರೊಳಗೆ ಲೆಕ್ಕದ ಕಥೆಯೂ ಒಂದಿದೆ. ನಮ್ಮ ಊರುಗಳಲ್ಲಿ ಜಾತ್ರೆಗೆ, ಗುಡಿಗೆ, ಇಗರ್ಜಿಗೆ ‘ಪಟ್ಟಿ ಎತ್ತುವ’ ವಾಡಿಕೆ ಹಳೆಯದು. ಪಟ್ಟಿ ಎತ್ತಿದವರು ಊರ ದೈವದ ಮುಂದೆ, ಅಂದರೆ ಕೂಡಿದ ಹಿರಿಯರ ಸಭೆಯ ಮುಂದೆ, ಪೈಸೆ ಪೈಸೆಯ ಲೆಕ್ಕವನ್ನು ಓದಿ ಹೇಳಬೇಕು. (ಜನರ ಸಭೆಯನ್ನೇ ‘ದೈವ’ವೆಂದು ಕರೆದ ಈ ಸೀಮೆಯ ನುಡಿಯ ಘನತೆಯನ್ನು ಬಲ್ಲವರೇ ಬಲ್ಲರು.) ಬ್ಯಾರೇಜಿನ ಮುಂದಾಳುಗಳ ಕೈಗೆ ರೈತರು ಕೊಟ್ಟದ್ದು ಹಣವನ್ನು ಮಾತ್ರವಲ್ಲ, ತಮ್ಮ ಪರವಾಗಿ ತೀರ್ಮಾನಿಸುವ ಹಕ್ಕನ್ನೂ ಕೊಟ್ಟರು. ಕೊಟ್ಟ ಹಣ ಏನಾಯಿತೆಂದು ತಿಳಿಯಲು ಅವರು ಲೆಕ್ಕಪರಿಶೋಧಕನ ವರದಿಯನ್ನು ಕಾಯಬೇಕಾಗಿರಲಿಲ್ಲ. ನದಿಯ ದಂಡೆಗೆ ಹೋಗಿ ನೀರು ನಿಂತಿದೆಯೋ ಇಲ್ಲವೋ ನೋಡಿದರೆ ಸಾಕಾಗಿತ್ತು.

ಈಗ ನಮ್ಮ ಪಂಚಾಯಿತಿಗಳ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾನೂನು ಮತ್ತು ಅದಕ್ಕೆ ಆದ ತಿದ್ದುಪಡಿಗಳು ಗ್ರಾಮಸಭೆ, ವಾರ್ಡ್ ಸಭೆಗಳನ್ನು ಕೊಟ್ಟಿವೆ. ಯಾವ ಕೇರಿಗೆ ಯಾವ ಕಾಮಗಾರಿ, ಯಾರಿಗೆ ವಸತಿ ಯೋಜನೆಯ ಮನೆ ಎಂಬುದು ಅಲ್ಲಿ ತೀರ್ಮಾನವಾಗಬೇಕು. 2016ರಲ್ಲಿ ಈ ಕಾನೂನಿನ ಹೆಸರಿಗೆ ‘ಗ್ರಾಮ ಸ್ವರಾಜ್’ ಎಂಬ ಮಾತೂ ಸೇರಿತು. ಔಂಧದ ಮುದುಕ ಅರಸನು ಕೇಳಿದ್ದರೆ ನಸುನಕ್ಕಿರುತ್ತಿದ್ದನು. 2010ರಿಂದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನಗಳು ಮಹಿಳೆಯರಿಗೆ ಮೀಸಲು.

ಈ ಸಭೆಗಳಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಕೈಯೆತ್ತುವ ಅವಕಾಶವಿಲ್ಲ, ಬಂದವರದೇ ಮಾತು. ಪೋರ್ಟೊ ಅಲೆಗ್ರೆಯ ನಿಯಮವೂ ಇದನ್ನೇ ಹೇಳುತ್ತಿತ್ತೆಂದು ನಾವು ಸಮಾಧಾನಪಡಬಹುದು. ಆದರೆ ಕಾನೂನು ಬಾಗಿಲಲ್ಲಿ ತಡೆದ ಮುಖತ್ಯಾರಿ ಹಿತ್ತಲಿನಿಂದ ಒಳಗೆ ಬಂದಿದೆ. ಅಧ್ಯಕ್ಷೆಯ ಕುರ್ಚಿಯಲ್ಲಿ ಅವಳ ಗಂಡ ಕುಳಿತು ಮಾತನಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಹೆಣ್ಣುಮಗಳು ತನ್ನ ಮಾತನ್ನು ಗಂಡನಿಗೆ ವಹಿಸಿಕೊಟ್ಟಳೆಂದು ಯಾರಾದರೂ ಹೇಳಿಯಾರು. ವಹಿಸಿಕೊಡುವುದೆಂದರೆ ಬೇಡವೆಂದಾಗ ಹಿಂದಕ್ಕೆ ಪಡೆಯಬಲ್ಲ ಶಕ್ತಿ ಕೊಟ್ಟವರಲ್ಲಿ ಉಳಿದಿರಬೇಕು. ‘ಇನ್ನು ಮುಂದೆ ನಾನೇ ಮಾತನಾಡುತ್ತೇನೆ’ ಎಂದು ಅವಳು ಒಂದು ದಿನ ಹೇಳಬಲ್ಲಳೆ? ಹೇಳಿದ ರಾತ್ರಿ ಮನೆಯಲ್ಲಿ ಅವಳ ಗತಿಯೇನು? ಹೇಳಲಾಗದಿದ್ದರೆ ಅದು ಪ್ರಾತಿನಿಧ್ಯವಲ್ಲ, ಅಪಹರಣ.

ಇನ್ನೊಂದು ಗುಂಪು ಇದೆ. ಅವರ ಮಾತನ್ನು ಯಾರೂ ಅಪಹರಿಸಲಿಲ್ಲ, ಯಾರಿಗೂ ಅವರು ಕೊಡಲೂ ಇಲ್ಲ. ಬಿತ್ತನೆ, ಸುಗ್ಗಿ ಮುಗಿದ ಮೇಲೆ ನಮ್ಮ ಜಿಲ್ಲೆಗಳಿಂದ ಗೋವಾಕ್ಕೆ, ಮುಂಬಯಿಗೆ, ಮಂಗಳೂರಿಗೆ, ಕಬ್ಬು ಕಡಿಯುವ ಸೀಮೆಗಳಿಗೆ ದುಡಿಯಲು ಹೋಗುವ ಕುಟುಂಬಗಳವು. ಮನೆಗೆ ಬೀಗ ಬಿದ್ದಿರುತ್ತದೆ, ಇಲ್ಲವೇ ಕಣ್ಣು ಕಾಣದ ಮುದುಕಿಯೊಬ್ಬಳು ಕಟ್ಟೆಯ ಮೇಲೆ ಕುಳಿತಿರುತ್ತಾಳೆ. ಅದೇ ತಿಂಗಳುಗಳಲ್ಲಿ ಗ್ರಾಮಸಭೆ ನಡೆದು ಫಲಾನುಭವಿಗಳ ಪಟ್ಟಿ ಓದಲಾಗುತ್ತದೆ. ಮನೆಯ ಆವಶ್ಯಕತೆ ಯಾರಿಗೆ ಹೆಚ್ಚೋ ಅವರೇ ಸಭೆಯಲ್ಲಿಲ್ಲ. ಬಂದವನಿಗೆ ಮಾತ್ರ ಹಕ್ಕು ಎಂಬ ನಿಯಮವು ಬರಲಾಗದವನ ಮೇಲೆ ಎಷ್ಟು ಭಾರವಾಗಿ ಬೀಳುತ್ತದೆಂಬುದು ಇಲ್ಲಿ ಗೊತ್ತಾಗುತ್ತದೆ. ದೇಶವು ಗೈರುಹಾಜರಾದ ಎಲ್ಲರನ್ನೂ ಹೀಗೆ ಮರೆತಿಲ್ಲ. ಸೇನೆಯಲ್ಲಿರುವ ಮತದಾರರು 2003ರಿಂದ ತಮ್ಮ ಊರಿನವರೊಬ್ಬರನ್ನು ನೇಮಿಸಿ ಅವರ ಕೈಯಿಂದ ಮತ ಹಾಕಿಸಬಹುದು. ವಿದೇಶಗಳಲ್ಲಿ ನೆಲೆಸಿರುವ ಭಾರತೀಯರಿಗೂ ಇಂಥ ಅನುಕೂಲ ಕೊಡುವ ಮಸೂದೆಯನ್ನು 2018ರಲ್ಲಿ ಲೋಕಸಭೆ ಒಪ್ಪಿತ್ತು. ಮುಂದಿನ ವರ್ಷ ಅದು ಬಿದ್ದುಹೋಯಿತು. ಗಡಿ ಕಾಯುವವನ ಮಾತಿಗೆ ದಾರಿ ಸಿಕ್ಕಿದೆ, ದುಬೈಯಲ್ಲಿರುವವನ ಮಾತಿಗಾಗಿ ದಾರಿ ಹುಡುಕಲಾಯಿತು. ಕಬ್ಬಿನ ಗದ್ದೆಯಲ್ಲಿರುವವಳ ಮಾತು ವಾರ್ಡ್ ಸಭೆಯನ್ನು ಮುಟ್ಟಲು ದಾರಿಯನ್ನೇ ಯಾರೂ ಹುಡುಕಿಲ್ಲ.

ಅವಳಿಗೂ ಒಂದು ಮುಖತ್ಯಾರಿ ಏಕಿರಬಾರದು? ಹೊರಡುವ ಮುನ್ನ ತನ್ನ ಕೇರಿಯಲ್ಲಿ ತಾನು ನಂಬಿದ ಒಬ್ಬ ಹೆಂಗಸಿನ ಹೆಸರನ್ನು ಪಂಚಾಯಿತಿಯ ದಫ್ತರಿನಲ್ಲಿ ಬರೆಯಿಸಿ ಹೋಗುವುದು; ಆ ಒಂದು ಸಭೆಗೆ ಮಾತ್ರ, ಆ ಒಂದು ವಿಷಯಕ್ಕೆ ಮಾತ್ರ; ಮರಳಿ ಬಂದ ಮೇಲೆ ಅದು ತಾನೇ ರದ್ದಾಗುವಂತೆ. ಹೀಗೆ ಮಾಡಿದರೆ ಊರಿನ ಗೌಡಿಕೆಯವನೊಬ್ಬನೇ ಐವತ್ತು ಮನೆಗಳ ಮಾತನ್ನು ಗುತ್ತಿಗೆ ಹಿಡಿದಾನು ಎಂದು ಹಿರಿಯರು ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. ಒಬ್ಬರ ಕೈಯಲ್ಲಿ ಎರಡು ಮೂರು ಮನೆಗಳಿಗಿಂತ ಹೆಚ್ಚು ಮಾತು ಇರಕೂಡದೆಂದು ಮಿತಿ ಹಾಕಬಹುದು, ಯಾರ ಮಾತು ಯಾರ ಕೈಯಲ್ಲಿದೆ ಎಂಬುದನ್ನು ಸಭೆಯ ಆರಂಭದಲ್ಲೇ ಗಟ್ಟಿಯಾಗಿ ಓದಿಸಬಹುದು. ಬೀಗ ಹಾಕಿದ ಮನೆಗಳ ಹೆಸರುಗಳಾದರೂ ಆಗ ಸಭೆಯ ಕಿವಿಗೆ ಬೀಳುತ್ತವೆ. ಇಂದು ಆ ಹೆಸರುಗಳನ್ನು ಯಾರೂ ಕರೆಯುವುದೇ ಇಲ್ಲ.

ಇಂಥದೊಂದು ಠರಾವಿಗೆ ಬೆಂಗಳೂರನ್ನೇ ಕಾಯಬೇಕೆಂದೇನೂ ಇಲ್ಲ. ಕಾನೂನು ಬದಲಾಗದೆ ಆ ಮಾತಿಗೆ ಮತದ ಬೆಲೆ ಬಾರದು, ನಿಜ. ಆದರೆ ಊರಲ್ಲಿಲ್ಲದವರ ಬೇಡಿಕೆಗಳನ್ನು ಬರೆದುಕೊಂಡು ಓದಿ ಹೇಳಲು ಪ್ರತಿ ವಾರ್ಡಿನಲ್ಲಿ ಒಬ್ಬರನ್ನು ಗೊತ್ತುಮಾಡುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಗುಣದಾಳದ ಹಳ್ಳಿಗಳು ಎಪ್ಪತ್ತು ಎಂಬತ್ತು ವರ್ಷಗಳ ಹಿಂದೆಯೇ ದೂರದ ಸಭೆಗೆ ಮಾತನ್ನು ಕಳಿಸಿ, ಪಾಲನ್ನು ಮನೆಯಲ್ಲೇ ಉಳಿಸಿಕೊಂಡಿದ್ದವು. ಮುಂದಿನ ವಾರ್ಡ್ ಸಭೆಯ ಡಂಗುರ ಸಾರಿದಾಗ ನಮ್ಮ ಓಣಿಯಲ್ಲಿ ಎಷ್ಟು ಮನೆಗಳಿಗೆ ಬೀಗವಿದೆ ಎಂದು ಒಮ್ಮೆ ಎಣಿಸಿಕೊಂಡು ಹೋಗಬಹುದಲ್ಲವೇ?